ವಾಸ್ತುಶಿಲ್ಪ ದಾಖಲೆಗಳ ಪಾಲಕರು ಮತ್ತು ಅವರ ಸಂಘಗಳು

ಓಲೆಕಟ್ಟಿನಿಂದ ಬೇರ್ಪಟ್ಟ ಒಂಟಿ ಗರಿ ತಾನು ಯಾವ ಕೃತಿಗೆ ಸೇರಿದುದೆಂಬುದನ್ನು ಸುಲಭವಾಗಿ ತಿಳಿಸಲಾರದು. ಕಟ್ಟಡದ ನಕ್ಷೆಯ ಸ್ಥಿತಿಯೂ ಇದೇ. ದೊಡ್ಡ ಕಟ್ಟಡವೊಂದಕ್ಕೆ ನೂರಾರು ಹಾಳೆಗಳು. ಅವುಗಳೊಡನೆ ಪತ್ರವ್ಯವಹಾರ, ಕರಾರು, ಛಾಯಾಚಿತ್ರ, ಮರದ ಮಾದರಿ. ಪುಸ್ತಕಗಳಿಗೆಂದು ರೂಪಿಸಿದ ಸೂಚೀಕರಣದ ನಿಯಮ ಇಂತಹ ರಾಶಿಗೆ ಹೊಂದದು. ಸರ್ಕಾರಿ ಕಡತಗಳಿಗೆಂದು ಬೆಳೆದ ಪತ್ರಾಗಾರದ ಕ್ರಮವೂ ಪೂರ್ತಿಯಾಗಿ ಸಾಲದು. ಗ್ರಂಥಪಾಲಕ ಮತ್ತು ದಾಖಲೆಪಾಲಕ ಇಬ್ಬರ ವಿದ್ಯೆಯೂ ಇಲ್ಲಿ ಕೂಡಬೇಕಾಗುತ್ತದೆ. ಈ ಕಾರ್ಯದಲ್ಲಿ ತೊಡಗಿದವರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡುದರ ಔಚಿತ್ಯವಿರುವುದು ಇಲ್ಲಿಯೇ.

ಕಲಾ ಗ್ರಂಥಾಲಯಗಳ ಸಂಘವು ಬ್ರಿಟನ್ನಿನಲ್ಲಿ 1969ರಲ್ಲಿ, ಉತ್ತರ ಅಮೆರಿಕದಲ್ಲಿ 1972ರಲ್ಲಿ ಸ್ಥಾಪಿತವಾಯಿತು. ವಾಸ್ತುಶಿಲ್ಪವು ಅವುಗಳ ಒಂದು ಅಂಗ ಮಾತ್ರ. ನ್ಯೂಯಾರ್ಕಿನಲ್ಲಿ 1973ರಲ್ಲಿ ವಾಸ್ತುಶಿಲ್ಪ ದಾಖಲೆಗಳ ಸಂರಕ್ಷಣೆಗೆಂದೇ ಒಂದು ಸಮಿತಿ ಏರ್ಪಟ್ಟಿತು. 1979ನೆಯ ವರ್ಷ ಈ ಚರಿತ್ರೆಯಲ್ಲಿ ವಿಶೇಷವಾದುದು. ಉತ್ತರ ಅಮೆರಿಕದ ವಾಸ್ತುಶಿಲ್ಪ ಶಾಲೆಗಳ ಗ್ರಂಥಪಾಲಕರ ಸಂಘವೂ, ಹೆಲ್ಸಿಂಕಿಯಲ್ಲಿ ವಾಸ್ತುಶಿಲ್ಪ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವೂ ಆ ವರ್ಷವೇ ಹುಟ್ಟಿದವು. ಅಂತರರಾಷ್ಟ್ರೀಯ ಪತ್ರಾಗಾರ ಮಂಡಲಿಯ ವಾಸ್ತುಶಿಲ್ಪ ವಿಭಾಗವು 2000ದಲ್ಲಿ ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳ ದಾಖಲೆಗಳ ಪಾಲನೆಯನ್ನು ಕುರಿತ ಕೈಪಿಡಿಯನ್ನು ಹೊರತಂದಿತು.

ಇಂತಹ ಕೈಪಿಡಿ ಏಕೆ ಬೇಕೆಂಬುದಕ್ಕೆ ನೀಲಿನಕ್ಷೆಯೊಂದೇ ಸಾಕ್ಷಿ. ಹಳೆಯ ಕಾಗದವನ್ನು ಆಮ್ಲದಿಂದ ಕಾಪಾಡಲು ಕ್ಷಾರಾಂಶವುಳ್ಳ ಕಾಗದದಲ್ಲಿ ಸುತ್ತಿಡುವುದು ಪತ್ರಾಗಾರಗಳ ರೂಢಿ. ಆದರೆ 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ ವಿಧಾನದಿಂದ ಸಿದ್ಧವಾಗುತ್ತಿದ್ದ ನೀಲಿನಕ್ಷೆಯ ಬಣ್ಣ ಕ್ಷಾರದ ಸಂಪರ್ಕದಿಂದಲೇ ಮಾಸುತ್ತದೆ. ಕಾಪಾಡುವ ಕೈಯೇ ಕೆಡಿಸಿದಂತಾಗುವುದು! ಅನಂತರ ಬಳಕೆಗೆ ಬಂದ ಡಯಾಜೊ ಪ್ರತಿಗಳು ಪಕ್ಕದ ಹಾಳೆಗಳಿಗೂ ಹಾನಿಯುಂಟುಮಾಡುವುದರಿಂದ ಅವುಗಳನ್ನು ಬೇರೆಯಾಗಿಯೇ ಇರಿಸತಕ್ಕದ್ದು. ಹಾಳೆ ಯಾವ ಬಗೆಯದೆಂದು ಗುರುತಿಸದೆ ಮಾಡಿದ ಉಪಚಾರ ಉಪಚಾರವೇ ಅಲ್ಲ. ಸಂಸ್ಥೆಯೊಂದರಲ್ಲಿ ಒಬ್ಬನೇ ಪಾಲಕನಿರುವಲ್ಲಿ, ಅನ್ಯರ ಅನುಭವ ದೊರೆಯದಿದ್ದರೆ, ಇಂತಹ ತಪ್ಪು ತಿಳಿಯುವಷ್ಟರಲ್ಲಿ ನಕ್ಷೆಯೇ ಅಳಿದಿರುತ್ತದೆ.

ಇತ್ತೀಚಿನ ತೊಡಕು ಗಣಕಯಂತ್ರದ್ದು. ನಕ್ಷೆಯನ್ನು ರಚಿಸಿದ ತಂತ್ರಾಂಶ ಬಳಕೆಯಿಂದ ಮರೆಯಾದರೆ ಕಡತವಿದ್ದೂ ಓದಲಾಗದು. ಲಿಪಿ ಮರೆತುಹೋದ ಶಾಸನದಂತೆ. ಕೆನಡಾದ ಮಾಂಟ್ರಿಯಲ್ ನಗರದ ವಾಸ್ತುಶಿಲ್ಪ ಕೇಂದ್ರವು 2013ರಲ್ಲಿ ಗಣಕಯಂತ್ರದ ಆರಂಭಕಾಲದ ವಿನ್ಯಾಸಗಳನ್ನೇ ವಿಷಯವಾಗಿರಿಸಿಕೊಂಡು ಪ್ರದರ್ಶನವನ್ನು ಏರ್ಪಡಿಸಿತು. ಅಮೆರಿಕದ ದಾಖಲೆಪಾಲಕರ ಸಂಘದೊಳಗಿನ ವಾಸ್ತುಶಿಲ್ಪ ಬಳಗವೂ ಇಂತಹ ಕಡತಗಳ ಪರಿಶೀಲನೆಗೆ ಕಾರ್ಯತಂಡವೊಂದನ್ನು ರಚಿಸಿತು. ನಕ್ಷೆಯ ಜೊತೆಗೆ ಅದನ್ನು ತೆರೆಯುವ ತಂತ್ರಾಂಶವನ್ನೂ ಉಳಿಸಿಕೊಳ್ಳಬೇಕಾದ ಹೊಣೆ ಈಗ ಪಾಲಕರ ಮೇಲೆ ಬಿದ್ದಿದೆ.