‘ಅನ್ನು’ ಬಂದರೆ ಇಂಗ್, ‘ಕ್ಕೆ’ ಬಂದರೆ ಟು!

ಈ ಎರಡು ವಾಕ್ಯಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ‘ಹೀ ಸ್ಟಾಪ್ಡ್ ಡ್ರಿಂಕಿಂಗ್ ಟೀ.’ ‘ಹೀ ಸ್ಟಾಪ್ಡ್ ಟು ಡ್ರಿಂಕ್ ಟೀ.’ ಮೊದಲನೆಯ ಮನುಷ್ಯ ಚಹಾ ಬಿಟ್ಟೇಬಿಟ್ಟ. ಎರಡನೆಯವನು ಗೂಡಂಗಡಿ ಕಂಡಲ್ಲಿ ಗಾಡಿ ನಿಲ್ಲಿಸಿ ಗ್ಲಾಸು ಹಿಡಿದು ನಿಂತ! ಕರ್ತೃ ಅವನೇ, ಕ್ರಿಯಾಪದ ಅದೇ, ಚಹಾ ಕೂಡ ಅದೇ. ಬದಲಾದದ್ದು ಒಂದು ‘ಇಂಗ್’, ಒಂದು ‘ಟು’. ಅಷ್ಟಕ್ಕೇ ಒಬ್ಬ ವ್ರತಸ್ಥನಾದ, ಇನ್ನೊಬ್ಬ ಚಟಗಾರನಾದ.

ಇದೇನು ಮಹಾ ಅಂದಿರಾ? ಮುಂದೆ ಕೇಳಿ. ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’ ಅಂದರೆ ಮೊದಲು ನೆನಪು ಬಂತು, ಆಮೇಲೆ ಬೀಗ ಬಿತ್ತು. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಅಂದರೆ ಮೊದಲು ಬೀಗ ಬಿತ್ತು, ಈಗ ಅದು ನೆನಪಾಗುತ್ತಿದೆ. ಕಾಲವೇ ತಲೆಕೆಳಗಾಯಿತು! ಭೂತ, ವರ್ತಮಾನ, ಭವಿಷ್ಯತ್ ಎಂದು ಕ್ರಿಯಾಪದಕ್ಕೆ ಎಷ್ಟೆಲ್ಲ ರೂಪ ಕೊಟ್ಟ ಇಂಗ್ಲಿಷು, ಯಾವುದು ಮೊದಲು ಯಾವುದು ಆಮೇಲೆ ಎಂಬ ದೊಡ್ಡ ಪ್ರಶ್ನೆಯನ್ನು ಇಲ್ಲಿ ಎರಡಕ್ಷರದ ‘ಟು’ ಕೈಗೆ ಕೊಟ್ಟು ಕೂತಿದೆ. ಕೆಲಸ ಸಿಗಲಿಲ್ಲ ಎಂದು ತಿಳಿಸುವ ಪತ್ರಗಳನ್ನೇ ನೋಡಿ: ‘ವಿ ರಿಗ್ರೆಟ್ ಟು ಇನ್ಫಾರ್ಮ್ ಯು.’ ವಿಷಾದ ಮೊದಲು, ಏಟು ಆಮೇಲೆ. ‘ಐ ರಿಗ್ರೆಟ್ ಸೇಯಿಂಗ್ ಇಟ್’ ಎನ್ನುವವನು ಮಾತ್ರ ಆಡಬಾರದ್ದನ್ನು ಆಡಿ ಮುಗಿಸಿದ್ದಾನೆ.

ನನಗೆ ಎಲ್ಲಕ್ಕಿಂತ ಹೆಚ್ಚು ರೋಮಾಂಚನ ಕೊಡುವುದು ‘ಟ್ರೈ’. ಮೇ ತಿಂಗಳ ಮಧ್ಯಾಹ್ನ, ಕೆಂಪು ಬಸ್ಸು, ತುಕ್ಕು ಹಿಡಿದ ಕಿಟಕಿ. ಎರಡೂ ಕೈಯಲ್ಲಿ ಎಳೆದಿರಿ, ಗಾಜು ಜಗ್ಗಲಿಲ್ಲ: ‘ಐ ಟ್ರೈಡ್ ಟು ಓಪನ್ ದ ವಿಂಡೋ.’ ಸಲೀಸಾಗಿ ತೆರೆಯಿತು, ಆದರೆ ಒಳಗೆ ಬಂದದ್ದು ಬಿಸಿಗಾಳಿ, ಸೆಕೆ ಇಳಿಯಲಿಲ್ಲ: ‘ಐ ಟ್ರೈಡ್ ಓಪನಿಂಗ್ ದ ವಿಂಡೋ.’ ಒಂದರಲ್ಲಿ ಕಿಟಕಿ ಮುಚ್ಚಿಯೇ ಇದೆ, ಇನ್ನೊಂದರಲ್ಲಿ ತೆರೆದಿದೆ. ಕಿಟಕಿಯ ಸ್ಥಿತಿಯನ್ನು ಹೇಳುತ್ತಿರುವುದು ಕಿಟಕಿಗೆ ಸಂಬಂಧವೇ ಇಲ್ಲದ ಒಂದು ಪ್ರತ್ಯಯ!

ನಮಗೆ ಶಾಲೆಯಲ್ಲಿ ಇದನ್ನು ಹೀಗೆ ಯಾರೂ ತೋರಿಸಲಿಲ್ಲ. ಎಂಜಾಯ್, ಅವಾಯ್ಡ್, ಫಿನಿಶ್, ಮೈಂಡ್, ಪೋಸ್ಟ್‌ಪೋನ್ ಇವುಗಳ ಮುಂದೆ ‘ಇಂಗ್’ ಬರುತ್ತದೆ, ಅದಕ್ಕೆ ಜೆರಂಡ್ ಎಂದು ಹೆಸರು. ವಾಂಟ್, ಹೋಪ್, ಡಿಸೈಡ್, ಪ್ರಾಮಿಸ್, ರೆಫ್ಯೂಸ್ ಇವುಗಳ ಮುಂದೆ ‘ಟು’ ಬರುತ್ತದೆ, ಅದು ಇನ್ಫಿನಿಟಿವ್. ಪಟ್ಟಿ ಬಾಯಿಪಾಠ ಮಾಡು, ಬಿಟ್ಟ ಸ್ಥಳ ತುಂಬು, ಅಂಕ ತಗೋ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕವನ್ನು ಬೈಯುವುದು ನನ್ನ ಉದ್ದೇಶವಲ್ಲ. ಎಷ್ಟೋ ತಲೆಮಾರುಗಳಿಗೆ ಅನ್ನ ಹಾಕಿದ ಪುಸ್ತಕ ಅದು. ಆದರೆ ಪಟ್ಟಿಯ ಹಿಂದೆ ಏನಾದರೂ ತರ್ಕ ಇದ್ದೀತೇ ಎಂಬ ಕುತೂಹಲ ಮಾತ್ರ ತರಗತಿಯಲ್ಲೇ ಸತ್ತುಹೋಯಿತು.

ತರ್ಕ ಇದೆ! ಅಮೆರಿಕದ ಭಾಷಾವಿಜ್ಞಾನಿ ಡ್ವೈಟ್ ಬಾಲಿಂಜರ್ 1968ರಲ್ಲೇ ಅದರ ಮೇಲೆ ಬೆರಳಿಟ್ಟಿದ್ದರು. ರೂಪ ಬೇರೆಯಾದರೆ ಅರ್ಥವೂ ಬೇರೆಯಾಗಲೇಬೇಕು ಎಂಬುದು ಅವರ ಪಟ್ಟು. ‘ಇಂಗ್’ ಕ್ರಿಯೆಯನ್ನು ಒಂದು ವಸ್ತುವಾಗಿ, ಇರುವ ಸಂಗತಿಯಾಗಿ ಕೈಗೆ ಕೊಡುತ್ತದೆ. ‘ಟು’ ಇನ್ನೂ ಆಗದ, ಆಗಬಹುದಾದ ಕ್ರಿಯೆಯತ್ತ ಬೆರಳು ತೋರುತ್ತದೆ. ಎರಡೇ ವರ್ಷದ ನಂತರ, 1970ರಲ್ಲಿ, ಪಾಲ್ ಮತ್ತು ಕ್ಯಾರಲ್ ಕಿಪಾರ್ಸ್ಕಿ ದಂಪತಿ ‘ಫ್ಯಾಕ್ಟ್’ ಎಂಬ ಪ್ರಬಂಧ ಬರೆದು, ನಡೆದದ್ದು ನಿಜ ಎಂದು ಮೊದಲೇ ಒಪ್ಪಿಕೊಂಡ ಕ್ರಿಯಾಪದಗಳಿಗೂ ಜೆರಂಡಿಗೂ ಇರುವ ನಂಟನ್ನು ಬಿಡಿಸಿಟ್ಟರು. ಈಗ ಪಟ್ಟಿಗೆ ಜೀವ ಬಂತು. ಶುರುವಾಗದ್ದನ್ನು ಮುಗಿಸಲಾದೀತೇ? ಅದಕ್ಕೇ ಫಿನಿಶ್ ಆದಮೇಲೆ ‘ಇಂಗ್’. ಆಗಿಹೋದದ್ದರ ಬಗ್ಗೆ ಮಾತು ಕೊಡುವವರುಂಟೇ? ಅದಕ್ಕೇ ಪ್ರಾಮಿಸ್ ಆದಮೇಲೆ ‘ಟು’.

ಆದರೆ ಪೋಸ್ಟ್‌ಪೋನ್? ಮುಂದೂಡಿದ ಕೆಲಸ ಇನ್ನೂ ಆಗೇ ಇಲ್ಲ, ಆದರೂ ‘ಇಂಗ್’. ಕನ್ಸಿಡರ್, ಇಮ್ಯಾಜಿನ್ ಕೂಡ ಹೀಗೆಯೇ. ಆಗದ ಕೆಲಸವೂ ಮನಸ್ಸಿನೊಳಗೆ ಒಂದು ವಸ್ತುವೇ ಎಂದು ವಿವರಣೆ ಕೊಡುತ್ತಾರೆ. ತಪ್ಪೇನಲ್ಲ, ಸ್ವಲ್ಪ ಎಳೆದು ಕಟ್ಟಿದ ಹಾಗೆ ಕಾಣುತ್ತದೆ ಅಷ್ಟೆ. ಪರೀಕ್ಷೆಯ ಕೋಣೆಯಲ್ಲಿ ಕೂತ ಹುಡುಗಿಗೆ ಇದು ಹೊಳೆಯುವುದು ಕಷ್ಟ.

ಈ ಎರಡು ರೂಪಗಳು ಬಂದದ್ದೆಲ್ಲಿಂದ ಎಂದು ನೋಡಲು ಈಗ ಸಾವಿರ ವರ್ಷ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನಲ್ಲಿ ಆಗ ಆಡುತ್ತಿದ್ದ ಹಳೆಯ ಇಂಗ್ಲಿಷಿನಲ್ಲಿ ‘ಕುಡಿ’ ಎಂಬ ಧಾತುವಿನ ಸರಳ ಭಾವರೂಪ ‘ಡ್ರಿಂಕನ್’. ಅದರ ಹಿಂದೆ ‘ಟು’ ಇರಲಿಲ್ಲ. ಮುಖ್ಯವಾಗಿ ಉದ್ದೇಶ ಹೇಳಬೇಕಾದಾಗ ‘ಟೋ ಡ್ರಿಂಕೆನ್ನೆ’. ಆ ‘ಟೋ’ ಅಂದರೆ ‘ಕಡೆಗೆ’, ಕೊನೆಯ ‘ಎನ್ನೆ’ಯಲ್ಲಿ ಇರುವುದು ಚತುರ್ಥೀ ವಿಭಕ್ತಿಯಂಥ ಪ್ರತ್ಯಯ. ಕನ್ನಡದಲ್ಲಿ ಹೇಳಿ ನೋಡಿ. ಕುಡಿಯುವುದಕ್ಕೆ!

ನಿಂತು ಯೋಚಿಸಿ. ಕುಡಿಯುವುದು ಪ್ಲಸ್ ಕ್ಕೆ. ಅದೇ ಚತುರ್ಥಿ, ಅದೇ ಉದ್ದೇಶ. ಮೈಸೂರು ಕಡೆಯವರ ‘ಕುಡಿಯೋಕೆ’, ಮಂಗಳೂರಿನವರ ‘ಕುಡಿಯಲಿಕ್ಕೆ’, ಧಾರವಾಡದವರ ‘ಕುಡ್ಯಾಕ’, ಎಲ್ಲದರ ಬಾಲದಲ್ಲೂ ಆ ‘ಕೆ’ ಕೂತಿದೆ. ಹಳಗನ್ನಡದಲ್ಲೂ ಬರೀ ‘ನೋಡಲ್’ ಇತ್ತು, ಅದರ ಪಕ್ಕದಲ್ಲೇ ‘ನೋಡಲ್ಕೆ’ ಇತ್ತು. ಇನ್ನು ‘ಇಂಗ್’? ಅದು ಆಗ ಅಪ್ಪಟ ನಾಮಪದ ಮಾಡುವ ಪ್ರತ್ಯಯ: ‘ಲಿಯೋರ್ನುಂಗ್’ ಅಂದರೆ ಕಲಿಕೆ, ಇಂದಿನ ಲರ್ನಿಂಗ್. ಶತಮಾನಗಳು ಉರುಳಿದ ಮೇಲೆ ಈ ನಾಮಪದ ಕ್ರಿಯಾಪದದ ಗುಣವನ್ನೂ ಮೈಗೂಡಿಸಿಕೊಂಡು ಕರ್ಮವನ್ನು ನೇರವಾಗಿ ಹಿಡಿಯತೊಡಗಿತು. ನಮ್ಮಲ್ಲಿ ‘ಪುಸ್ತಕದ ಓದು’ ಮತ್ತು ‘ಪುಸ್ತಕವನ್ನು ಓದುವುದು’ ಎರಡೂ ಇರುವಂತೆ, ಅಲ್ಲಿ ‘ದ ರೀಡಿಂಗ್ ಆಫ್ ದ ಬುಕ್’ ಜೊತೆಗೆ ‘ರೀಡಿಂಗ್ ದ ಬುಕ್’ ಹುಟ್ಟಿತು.

ಅಂದಮೇಲೆ ಜೆರಂಡ್ ನಾಮಪದದ ಮನೆಯದು, ಇನ್ಫಿನಿಟಿವ್ ಚತುರ್ಥಿಯ ಮನೆಯದು. ಹಾಗಿದ್ದರೆ ಕನ್ನಡಿಗರ ಕೈಯಲ್ಲಿ ಕೀಲಿ ಮೊದಲೇ ಇರಬೇಕಲ್ಲ? ಇದೆ! ‘ಚಹಾ ಕುಡಿಯುವುದನ್ನು ನಿಲ್ಲಿಸಿದ’: ಅನ್ನು, ಹಾಗಾಗಿ ಡ್ರಿಂಕಿಂಗ್. ‘ಚಹಾ ಕುಡಿಯುವುದಕ್ಕೆ ನಿಂತ’: ಕ್ಕೆ, ಹಾಗಾಗಿ ಟು ಡ್ರಿಂಕ್. ಹೋಗುವುದನ್ನು ತಪ್ಪಿಸಿದ, ಅವಾಯ್ಡೆಡ್ ಗೋಯಿಂಗ್. ಹೋಗೋಕೆ ನಿರ್ಧರಿಸಿದ, ಡಿಸೈಡೆಡ್ ಟು ಗೋ. ರಸ್ತೆ ದಾಟೋಕೆ ಭಯ, ಅಫ್ರೇಡ್ ಟು ಕ್ರಾಸ್. ವಿದ್ವಾಂಸರನ್ನು ಕಾಡಿದ ಪೋಸ್ಟ್‌ಪೋನ್ ಏನಾಯಿತು? ಹೋಗುವುದನ್ನು ಮುಂದೂಡಿದ. ಅನ್ನು! ಇಮ್ಯಾಜಿನ್? ಹಾರುವುದನ್ನು ಊಹಿಸಿಕೋ. ಅನ್ನು! ಅರ್ಥದ ಸೂತ್ರ ತಡವರಿಸಿದ ಕಡೆ ನಮ್ಮ ವಿಭಕ್ತಿ ಪ್ರತ್ಯಯ ದಾರಿ ತೋರಿಸುತ್ತಿದೆ. ಮೂರನೇ ತರಗತಿಯ ಮಗುವಿಗೂ ‘ಕುಡಿಯುವುದನ್ನು ನಿಂತ’ ಎಂದರೆ ಕಿವಿಗೆ ಕಲ್ಲು ಬಿದ್ದಂತಾಗುತ್ತದೆ.

ದ್ರಾವಿಡ ಭಾಷೆಗೂ ಜರ್ಮ್ಯಾನಿಕ್ ಭಾಷೆಗೂ ಎತ್ತಣ ಸಂಬಂಧ? ರಕ್ತಸಂಬಂಧ ಇಲ್ಲ. ಆದರೆ ಇದು ಬರೀ ಕಾಕತಾಳೀಯವೂ ಅಲ್ಲ. ಜರ್ಮನಿಯ ಭಾಷಾವಿಜ್ಞಾನಿ ಮಾರ್ಟಿನ್ ಹಾಸ್ಪೆಲ್ಮಾತ್ 1989ರಲ್ಲಿ ತೋರಿಸಿದ್ದು ಇದನ್ನೇ: ಜಗತ್ತಿನ ಎಷ್ಟೋ ಭಾಷೆಗಳಲ್ಲಿ ‘ಇದಕ್ಕಾಗಿ’, ‘ಇದರ ಕಡೆಗೆ’ ಎಂದು ಉದ್ದೇಶ ಹೇಳುವ ರೂಪಗಳೇ ಸವೆದು ಸವೆದು ಇನ್ಫಿನಿಟಿವ್ ಆಗುತ್ತವೆ. ಒಬ್ಬರನ್ನೊಬ್ಬರು ಕಂಡಿರದ ಜನ ಅದೇ ಹಾದಿ ತುಳಿದಿದ್ದಾರೆ. ಇಂಗ್ಲಿಷಿನ ‘ಟು’ ಎಷ್ಟು ಸವೆಯಿತೆಂದರೆ, ಹದಿನಾಲ್ಕನೇ ಶತಮಾನದ ಕವಿ ಚಾಸರನ ಕಾಲಕ್ಕೆ ಅದೊಂದರಿಂದಲೇ ಉದ್ದೇಶ ಹೇಳಿ ಸಾಲದೆ, ಜನ ಅದರ ಹಿಂದೆ ಒಂದು ‘ಫಾರ್’ ಸೇರಿಸಿ ‘ಫಾರ್ ಟು’ ಎನ್ನುತ್ತಿದ್ದರು!

ಕೀಲಿ ಎಲ್ಲ ಬೀಗಕ್ಕೂ ಹತ್ತುವುದಿಲ್ಲ. ‘ಈಜುವುದನ್ನು ಕಲಿತೆ’ ಎನ್ನುತ್ತೇವೆ, ಇಂಗ್ಲಿಷು ‘ಲರ್ನ್ಡ್ ಟು ಸ್ವಿಮ್’ ಎನ್ನುತ್ತದೆ. ‘ಕೊಡುವುದಾಗಿ ಮಾತು ಕೊಟ್ಟ’ ಎನ್ನುವಲ್ಲಿ ‘ಅನ್ನು’ ಇಲ್ಲ, ‘ಕ್ಕೆ’ಯೂ ಇಲ್ಲ. ಬೀಗದ ಉದಾಹರಣೆಯಲ್ಲಿ ನಾವು ವಿಭಕ್ತಿ ಬಿಟ್ಟು ಕಾಲವನ್ನೇ ಹಿಡಿಯುತ್ತೇವೆ: ‘ಹಾಕಿದ್ದು ನೆನಪಿದೆ’, ‘ಹಾಕೋದು ನೆನಪಿರಲಿ’. ಕೃದಂತದೊಳಗೇ ಭೂತಕಾಲ ಇಟ್ಟುಕೊಂಡ ನಮಗೆ ಇಲ್ಲಿ ಇಂಗ್ಲಿಷಿನ ಕಸರತ್ತು ಬೇಕಾಗಲಿಲ್ಲ. ಇನ್ನು ಬಿಗಿನ್, ಸ್ಟಾರ್ಟ್‌ಗಳು ಎರಡನ್ನೂ ಒಪ್ಪುತ್ತವೆ. ಅಲ್ಲಿ ಆಯ್ಕೆ ಮಾಡುವುದು ಹಲವು ಸಲ ಕಿವಿ. ‘ಬಿಗಿನಿಂಗ್ ರೇನಿಂಗ್’ ಯಾರೂ ಹೇಳುವುದಿಲ್ಲ, ‘ಬಿಗಿನಿಂಗ್ ಟು ರೇನ್’ ಎನ್ನುತ್ತಾರೆ. ‘ಟು’ ಆಗಲೇ ಒಂದು ಬಂದಿದ್ದರೆ ‘ಟು ಬಿಗಿನ್ ರೀಡಿಂಗ್’ ಕಡೆಗೆ ವಾಲುತ್ತಾರೆ. ಒಂದೇ ಬಗೆಯ ರೂಪ ಬೆನ್ನಿಗೆ ಬೆನ್ನು ತಾಗಿ ಬರುವುದನ್ನು ಭಾಷೆ ಸಹಿಸದು. ಇದಕ್ಕೆ ‘ಹಾರರ್ ಈಕ್ವಿ’ ಎಂಬ ಲ್ಯಾಟಿನ್ ಹೆಸರೂ ಇದೆ.

ಕೊನೆಗೆ ಬೆಂಗಳೂರಿನ ಕಚೇರಿಗಳಿಂದ ದಿನವೂ ಹೊರಡುವ ಆ ಮೇಲ್‌ಗಳ ವಿಷಯ. ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಎಷ್ಟು ಜನ ಬರೆಯುತ್ತಾರೆ! ‘ಟು’ ಕಂಡ ತಕ್ಷಣ ಇನ್ಫಿನಿಟಿವ್ ಎಂಬ ಭ್ರಮೆ. ಈ ‘ಟು’ ಆ ‘ಟು’ ಅಲ್ಲ. ಇದರ ಮುಂದೆ ನಾಮಪದ ಬೇಕು. ಅನುಮಾನ ಬಂದರೆ ‘ಇಟ್’ ಹಾಕಿ ನೋಡಿ: ‘ಲುಕಿಂಗ್ ಫಾರ್ವರ್ಡ್ ಟು ಇಟ್’ ನಿಲ್ಲುತ್ತದೆ, ‘ವಾಂಟ್ ಟು ಇಟ್’ ಬೀಳುತ್ತದೆ. ಅದೂ ಬೇಡ, ಕನ್ನಡವನ್ನೇ ಕೇಳಿ. ನಿಮ್ಮ ಉತ್ತರ ಬರುವುದಕ್ಕೆ ಎದುರು ನೋಡುತ್ತೀರೋ, ಬರುವುದನ್ನು ಎದುರು ನೋಡುತ್ತೀರೋ? ‘ಅನ್ನು’ ತಾನೇ? ಹಾಗಿದ್ದರೆ ‘ಹಿಯರಿಂಗ್’ ಎಂದೇ ಬರೆದು ಮೇಲ್ ಕಳಿಸಿ.