ಅಳಿಸಿದ ಕೈ ಯಾವುದು?

ಚಾಂಪಿಯನ್ ರೀಫ್ಸಿನ ಗಣಿಯಿಂದ ಮೇಲೆ ಬಂದ ಕೂಲಿಯವನನ್ನು ಮೈ ತಡಕಿ ನೋಡದೆ ಹೊರಗೆ ಬಿಡುತ್ತಿರಲಿಲ್ಲವೆಂಬುದನ್ನು ಆ ಪ್ರಾಂತದ ಹಿರಿಯರು ಬಲ್ಲರು. ಅಷ್ಟೂ ಸಾಲದೆಂದು ಕಾರ್ಮಿಕರ ಬೆರಳಚ್ಚನ್ನು ತೆಗೆದು ದಾಖಲೆಯಲ್ಲಿರಿಸುವ ಏರ್ಪಾಡಾದಾಗ, 1930ರಲ್ಲಿ ಚಿನ್ನದ ಗಣಿಗಳ ಸಹಸ್ರಾರು ಮಂದಿ ಕೆಲಸ ನಿಲ್ಲಿಸಿ ನಿಂತರು. ಅಂದಿಗೆ ಬೆರಳಚ್ಚೆಂದರೆ ಸೆರೆಮನೆಯ ಗುರುತು. ಕಳವು ನಡೆಯುವುದಕ್ಕೆ ಮುಂಚೆಯೇ ಕಳ್ಳನೆನಿಸಿಕೊಳ್ಳಲು ಯಾವ ಮಾನವಂತನು ತಾನೇ ಒಪ್ಪಿಯಾನು?

2001ರಲ್ಲಿ ಗಣಿ ಮುಚ್ಚಿತು. ಆ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಮುಂಜಾನೆಯ ರೈಲು ಹಿಡಿದು ಬೆಂಗಳೂರಿನ ಕಚೇರಿಗಳಿಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುತ್ತಾರೆ. ಅಂತಹ ಕಚೇರಿಯೊಂದರಲ್ಲಿ ಒಂದು ದಿನ ಕಂಪನಿಯ ಡೇಟಾಬೇಸ್ ಅಳಿಸಿಹೋಗಿದೆಯೆಂದು ಇಟ್ಟುಕೊಳ್ಳೋಣ. ಗಿರಾಕಿಗಳ ಲೆಕ್ಕ, ನೌಕರರ ಸಂಬಳ, ಸರಕಿನ ಪಟ್ಟಿ, ಎಲ್ಲವೂ ಮಾಯ. ಮೊದಲ ಸಂದೇಹವು ಯಾರ ಮೇಲೆ ಬೀಳುವುದು? ಹಿಂದಿನ ರಾತ್ರಿ ಪಾಳಿಯಲ್ಲಿದ್ದ ಕಿರಿಯ ನೌಕರನ ಮೇಲೆಯೇ ಅಲ್ಲವೆ?

ಅಳಿಸಿದವನಿಗೆ ಶಿಕ್ಷೆ ಬೇಡವೆಂದು ನಾವು ಹೇಳುವವರಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಮುಗಳ ಪ್ರಕಾರ, ಅನುಮತಿಯಿಲ್ಲದೆ ದುರುದ್ದೇಶದಿಂದ ಮಾಹಿತಿಯನ್ನು ಅಳಿಸಿದವನಿಗೆ ಮೂರು ವರ್ಷಗಳವರೆಗೆ ಸಜೆಯೋ, ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೋ, ಎರಡೂ ಆಗಿಯೋ ವಿಧಿಸಬಹುದು. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಅಪರಾಧಿಯನ್ನು ಗುರುತಿಸುವ ಬಗೆ ಎಂತಹುದು?

ಯಂತ್ರವು ತಾನೇ ಬರೆದಿಡುವ ದಿನಚರಿಯೊಂದುಂಟು. ಲಾಗ್ ಎಂದು ಅದಕ್ಕೆ ಹೆಸರು. ಯಾವ ಹೆಸರಿನವನು, ಯಾವ ಗಳಿಗೆಯಲ್ಲಿ, ಯಾವ ಯಂತ್ರದಿಂದ ಒಳಹೊಕ್ಕು ಏನನ್ನು ಆಜ್ಞಾಪಿಸಿದನೆಂಬುದು ಅದರಲ್ಲಿ ದಾಖಲಾಗುತ್ತದೆ. ಆದರೆ ಅದು ತಿಳಿಸುವುದು ಹೆಸರನ್ನು ಮಾತ್ರ, ಕೈಯನ್ನಲ್ಲ. 'ಅಡ್ಮಿನ್' ಎಂಬ ಒಂದೇ ಹೆಸರನ್ನೂ ಒಂದೇ ಪಾಸ್‌ವರ್ಡನ್ನೂ ಐವರು ಹಂಚಿಕೊಂಡಿರುವ ಕಚೇರಿಯಲ್ಲಿ ಆ ದಿನಚರಿಯ ಸಾಕ್ಷ್ಯಕ್ಕೆ ಕವಡೆಯ ಬೆಲೆಯೂ ಇಲ್ಲ. ಯಜಮಾನರು ತಮ್ಮ ಅನುಕೂಲಕ್ಕೆಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿದ ಪಾಸ್‌ವರ್ಡು ಬಡ ನೌಕರನ ಕೊರಳಿಗೆ ಉರುಳಾಗುವುದು ನ್ಯಾಯವೆ? ಇನ್ನೊಂದು ಮಾತು. ಡೇಟಾಬೇಸನ್ನು ಅಳಿಸುವ ಅಧಿಕಾರವುಳ್ಳವನಿಗೆ ಅನೇಕ ವೇಳೆ ದಿನಚರಿಯನ್ನು ಅಳಿಸುವ ಅಧಿಕಾರವೂ ಇರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೆಜ್ಜೆಗುರುತು ಎಲ್ಲಿ ಸಿಕ್ಕೀತು?

ಈ ವಿಷಯದಲ್ಲಿ ನಮ್ಮ ನಾಡೇ ಒಂದು ಮೇಲ್ಪಂಕ್ತಿಯನ್ನು ಹಾಕಿತ್ತು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರೈತರ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ದಾಖಲೆಗೆ ಕೈಹಚ್ಚುವ ಅಧಿಕಾರಿಯೇ ಬೆರಳಚ್ಚನ್ನು ಒತ್ತಿ ಒಳಹೋಗಬೇಕೆಂದು ಏರ್ಪಡಿಸಲಾಯಿತು. ಪಾಸ್‌ವರ್ಡನ್ನು ಬೇರಾರೋ ಕದ್ದರೆಂಬ ನೆಪಕ್ಕೆ ಎಡೆಯಿರಬಾರದೆಂಬುದೇ ಅದರ ಉದ್ದೇಶ. 1930ರಲ್ಲಿ ಬೆರಳಚ್ಚನ್ನು ಕೇಳಿದ್ದು ಕೂಲಿಯವನಿಂದ. ಇಲ್ಲಿ ಕೇಳಿದ್ದು ಬೀಗದ ಕೈ ಹಿಡಿದವನಿಂದ. ಈ ವ್ಯತ್ಯಾಸವನ್ನು ವಾಚಕರು ಮನಗಾಣಬೇಕು.

ಕಂಪನಿಗಳ ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕು, ಆ ಏರ್ಪಾಡನ್ನು ಯಾರೂ ನಿಲ್ಲಿಸುವಂತಿರಬಾರದು ಎಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಲಾಗುಗಳನ್ನು 180 ದಿನಗಳ ಕಾಲ ಕಾಪಾಡಬೇಕೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರಲ್ಲಿಯೇ ಆದೇಶಿಸಿತು. ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ. ಆದರೆ ಡೇಟಾಬೇಸಿಗೂ ದಿನಚರಿಗೂ ಒಬ್ಬನೇ ಕಾವಲುಗಾರನಾದರೆ ಈ ನಿಯಮಗಳಿಂದ ಆಗುವ ಪ್ರಯೋಜನವೇನು? ದಿನಚರಿಯ ಪ್ರತಿಯು ಬೇರೊಂದು ಯಂತ್ರದಲ್ಲಿ, ಬೇರೊಬ್ಬರ ವಶದಲ್ಲಿರಬೇಕು. ಪ್ರತಿಯೊಬ್ಬನಿಗೂ, ಯಜಮಾನನಿಗೂ ಕೂಡ, ಪ್ರತ್ಯೇಕ ಹೆಸರಿರಬೇಕು.

ಅನಾಹುತವಾದ ದಿನ ಗಾಬರಿಯಿಂದ ಯಂತ್ರವನ್ನು ತಡಕಾಡಿ ಇದ್ದ ಗುರುತನ್ನೂ ಕೆಡಿಸಬಾರದು. ಡಿಸ್ಕಿನ ಯಥಾವತ್ ನಕಲನ್ನು ತೆಗೆದು, ಅದರ ಹ್ಯಾಶ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ವಿಚಾರಣೆಯನ್ನು ಆ ನಕಲಿನ ಮೇಲೆಯೇ ನಡೆಸುವುದು ಕ್ರಮ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಪ್ರಮಾಣಪತ್ರದಲ್ಲಿ ಈ ಸಂಖ್ಯೆಯನ್ನು ಕೇಳುತ್ತದೆ. ಆಪಾದನೆಗೆ ಗುರಿಯಾದ ನೌಕರನು ರಾಜೀನಾಮೆಗೆ ರುಜು ಹಾಕುವ ಮುನ್ನ ಈ ನಕಲನ್ನೂ, ಪಾಸ್‌ವರ್ಡು ಬಲ್ಲವರೆಲ್ಲರ ಪಟ್ಟಿಯನ್ನೂ ತೋರಿಸಿರೆಂದು ಲಿಖಿತವಾಗಿ ಕೇಳಲಿ. ಪಟ್ಟಿಯಲ್ಲಿ ಮೊದಲನೆಯದಾಗಿ ಯಜಮಾನರ ಹೆಸರೇ ಇದ್ದೀತು.