276 ಕೋಟಿ ಅಳತೆ, ಒಂದೇ ಜಾಗ

ಉಗಾರ ಖುರ್ದದ ಸುತ್ತ, ಅಥಣಿ-ರಾಯಬಾಗ ಸೀಮೆಯಲ್ಲಿ, ಶ್ರೀಕೃಷ್ಣ ಪಾರಿಜಾತ ಅಂದರೆ ರಾತ್ರಿಯಿಡೀ ನಡೆಯುವ ಆಟ. ಎಂಟು ತಾಸಿನ ಆಟವೊಂದನ್ನು ಜನರ ನಡುವೆ ಕೂತು ರೆಕಾರ್ಡ್ ಮಾಡಿದಿರಿ ಅನ್ನಿ. ಯಂತ್ರ ಸೆಕೆಂಡಿಗೆ 48,000 ಸಲ, ಎಡಬಲ ಎರಡೂ ಮೈಕಿನಿಂದ, ಗಾಳಿಯ ಒತ್ತಡ ಅಳೆಯುತ್ತದೆ. ಬೆಳಕು ಹರಿಯುವಷ್ಟರಲ್ಲಿ 276 ಕೋಟಿ ಅಳತೆ! 24 ಬಿಟ್ ಆದರೆ ಒಂದೊಂದು ಅಳತೆಗೂ 1,67,77,216 ಮೆಟ್ಟಿಲು. ಎಲ್ಲ ಸೇರಿ ಎಂಟು ಜಿಬಿ ಚಿಲ್ಲರೆ. ಉಗುರಗಲದ ಕಾರ್ಡಿಗೆ ಅದು ಏನೂ ಅಲ್ಲ. ಹತ್ತಿರದ ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರ ಕಾಲದಲ್ಲಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದುದು ಮೂರು ನಿಮಿಷದ ಆಸುಪಾಸು. ಈ ಒಂದು ರಾತ್ರಿಗೆ ಅಂಥ 160 ಮಗ್ಗುಲು ಬೇಕಾಗುತ್ತಿದ್ದವು.

ಅಳೆಯುವುದಾದರೂ ಎಷ್ಟನ್ನು? ಸಾದಾ ಮಾತು ಗಾಳಿಯ ಒತ್ತಡವನ್ನು ಅಲುಗಿಸುವುದು 50 ಲಕ್ಷದಲ್ಲಿ ಒಂದು ಪಾಲು. ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದಾದರೆ 500 ಕೋಟಿಯಲ್ಲಿ ಒಂದು ಪಾಲು.

ಇಷ್ಟು ಸೂಕ್ಷ್ಮವನ್ನು ಕೆಡಿಸುವುದು ಬರೀ ದೂರ. ಬಯಲಲ್ಲಿ ದೂರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಭಾಗವತ 20 ಮೀಟರ್ ಆಚೆ, ಪಕ್ಕದಲ್ಲಿ ಹರಟುವವನು ಅರ್ಧ ಮೀಟರಿನಲ್ಲಿ. ಇಬ್ಬರ ದನಿಯೂ ಒಂದೇ ಜೋರಿನದಾದರೆ ಮೈಕಿಗೆ ಹರಟೆ 1,600 ಪಟ್ಟು ಹೆಚ್ಚು!

ದುಬಾರಿ ಮೈಕ್ ತಂದರೆ? ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಸುತ್ತಲಿನ ಗದ್ದಲವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಲಾಭ ಮೂರು ಪಟ್ಟು. ಅದೇ 20 ಮೀಟರಿನಿಂದ 5 ಮೀಟರಿಗೆ ಸರಿದರೆ ಲಾಭ 16 ಪಟ್ಟು, ಖರ್ಚು ಸೊನ್ನೆ.

ರಂಗದ ಎರಡೂ ಬದಿಗೆ ಸ್ಪೀಕರ್ ಬಾಕ್ಸ್ ಇದ್ದರೆ ಇನ್ನೊಂದು ಲೆಕ್ಕ. ಧ್ವನಿಗೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮೈಕ್ ಒಂದು ಬಾಕ್ಸಿಗಿಂತ ಇನ್ನೊಂದಕ್ಕೆ ಒಂದು ಮೀಟರಿನಷ್ಟು ಹತ್ತಿರವಾದರೂ ಎರಡು ಕಡೆಯ ಅಲೆಗಳು 170 ಹರ್ಟ್ಸಿನ ಹತ್ತಿರ ಒಂದನ್ನೊಂದು ತಿಂದುಹಾಕುತ್ತವೆ. ಗಂಡಸಿನ ದನಿ ಓಡಾಡುವುದೇ ಅಲ್ಲಿ.

ಹಾಗಾಗಿ ಮೇಳದವರನ್ನೂ ಊರ ಹಿರಿಯರನ್ನೂ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಜನ ಸೇರುವ ಮುಂಚೆ ಹೋಗಿ ನಟ್ಟನಡುವೆ, ಆದಷ್ಟು ಮುಂದೆ, ಹಿಂದಿನವರ ನೋಟಕ್ಕೆ ಅಡ್ಡವಾಗದಂತೆ ತಲೆಗಳಿಗಿಂತ ಎತ್ತರಕ್ಕೆ ಸ್ಟ್ಯಾಂಡ್ ನಿಲ್ಲಿಸಿ. ಹೊಳೆಗಾಳಿಗೆ ಮೈಕಿಗೊಂದು ತುಪ್ಪಳದ ಕವಚ ಹಾಕಿ. ಮೈಕಿಗೆ ಹಣ ಸುರಿಯುವುದು ಆಮೇಲಿನ ಮಾತು.